ಹೊಗಳದ ಪತ್ರಿಕೆಯ ಪಾಡು

ಸಿನಿಮಾದ ಬಗ್ಗೆ ಗಂಭೀರವಾಗಿ ಬರೆಯಲು ಕೂತವರಿಗೆ ನಗೆಪಾಟಲಾಗುವ ಯೋಗ ಆಗಾಗ ಕೂಡಿ ಬರುತ್ತಲೇ ಇರುತ್ತದೆ. ನಾನೂ ನಮ್ಮ ಸಂಪಾದಕರೂ ಸೇರಿ ಚಾಮರಾಜಪೇಟೆಯ ಒಂದು ಪ್ರೆಸ್ಸಿನ ಮಹಡಿಯಲ್ಲಿ ಪತ್ರಿಕೆ ನಡೆಸುತ್ತೇವೆ. ಸಿನಿಮಾ, ಟೀವಿಗಳ ಒಳಗೆ ಯಾರ ರಾಜಕೀಯ ಅಡಗಿದೆ ಎಂದು ಬಿಚ್ಚಿಡುವುದು ನಮ್ಮ ಕೆಲಸ. ಜಾಹೀರಾತು ತೆಗೆದುಕೊಳ್ಳುವುದಿಲ್ಲ. ಓದುಗರೂ ಇದ್ದಂತಿಲ್ಲ. "ಈ ಸಂಚಿಕೆ ಬಗ್ಗೆ ಹೊರಗಿನೋರು ಒಬ್ರೂ ಮಾತಾಡ್ದಿದ್ರೆ ಬಾಗಿಲು ಹಾಕ್ಬಿಡೋಣ" ಎಂದು ಸಂಪಾದಕರು ಒಂದು ದಿನ ಹೇಳಿದಾಗ ನನಗೆ ನಿಜಕ್ಕೂ ಸಂಕಟವಾಯಿತು.

ಟಿಕೆಟ್ ಕೊಂಡೇ ನೋಡುವುದು

ನಿರ್ಮಾಪಕರು ಕೊಡುವ ಪಾಸನ್ನು ನಾವು ಮುಟ್ಟುವುದಿಲ್ಲ. ಆ ಸಂಚಿಕೆಗೆಂದು ಒಂದು ಚಿತ್ರ ನೋಡಲು ಮಲ್ಲೇಶ್ವರಕ್ಕೆ ಹೋದರೆ, ಟಾಕೀಸಿನಲ್ಲಿ ನಾವಿಬ್ಬರೇ. "ಹತ್ತು ಜನ ಆಗ್ದಿದ್ರೆ ಶೋ ಹಾಕಲ್ಲ ಸಾರ್" ಎಂದರು ಮ್ಯಾನೇಜರು. ಮಾರನೇ ದಿನ ಟಾಕೀಸಿನಿಂದ ಚಿತ್ರ ತೆಗೆಯುವವರಿದ್ದರು. ಬೇರೆ ದಾರಿಯಿಲ್ಲದೆ ಸಂಪಾದಕರು ರಸ್ತೆಗಿಳಿದು, ಹೋಗಿ ಬರುವವರನ್ನೆಲ್ಲ ತಾವೇ ಉಗಿಯಬೇಕೆಂದಿದ್ದ ಚಿತ್ರಕ್ಕೆ ಕರೆಯತೊಡಗಿದರು. "ಬನ್ನಿ, ಚೆನ್ನಾಗಿದೆಯಂತೆ."

ಅಂತೂ ಶೋ ನಡೆಯಿತು. ಇಂಟರ್ವಲ್‌ನಲ್ಲಿ ಅವರು ಕರೆತಂದಿದ್ದ ಹಿರಿಯರೊಬ್ಬರು ಮರುಕದಿಂದ ಸಂಪಾದಕರ ಭುಜ ತಟ್ಟಿ ಕೇಳಿದರು: "ಮನೆ ಅಡ ಇಟ್ಟು ತೆಗೆದ್ರಾ ಸಾರ್, ಈ ಪಿಕ್ಚರ್ನ?"

ಎಂಟೂವರೆಯ ಸಂಶೋಧನೆ

ಧಾರಾವಾಹಿಗಳು ಜನರ ಬುದ್ಧಿಗೆ ಮಂಕು ಹಿಡಿಸುತ್ತವೆ ಎಂದು ಬರೆಯುವ ಸಲುವಾಗಿ ಸಂಪಾದಕರು ಬಸವನಗುಡಿಯ ತಮ್ಮ ಮನೆಯಲ್ಲಿ ಒಂದು ವಾರ ಟೀವಿ ಮುಂದೆ ಕೂತರು. ಲೇಖನ ಬರೆದು ಮುಗಿದ ಮೇಲೂ ಏಳಲಿಲ್ಲ. ಪ್ರೂಫಿನ ವಿಷಯ ಕೇಳಲು ರಾತ್ರಿ ಎಂಟೂವರೆಗೆ ಫೋನ್ ಮಾಡಿದರೆ ಅವರ ಹೆಂಡತಿ ಎತ್ತಿದರು.

"ಒಂಬತ್ತಕ್ಕೆ ಮಾಡಿ. ಈಗ ಸೊಸೆ ಮನೆ ಬಿಟ್ಟು ಹೋಗ್ತಿದಾಳೆ, ಇವ್ರು ಅಳ್ತಿದಾರೆ."

ನಾಲ್ಕು ಪುಟದ ಅವಮಾನ

ಕೊನೆಗೂ ಸಂಚಿಕೆ ಹೊರಬಂತು. ಇಬ್ಬರು ದೊಡ್ಡ ಹೀರೋಗಳು ಪಾಳೆಗಾರಿಕೆಯ ದರ್ಪವನ್ನೇ ಪೌರುಷವೆಂದು ಮಾರುತ್ತಿದ್ದಾರೆಂದು ಅದರಲ್ಲಿ ಜಾಡಿಸಿದ್ದೆವು. ಹಲವು ದಿನ ಯಾರೂ ತುಟಿ ಬಿಚ್ಚಲಿಲ್ಲ. ಒಂದು ಮಧ್ಯಾಹ್ನ, ಆ ಹೀರೋಗಳಲ್ಲಿ ಒಬ್ಬನ ಅಭಿಮಾನಿ ಸಂಘದ ಅಧ್ಯಕ್ಷ ಕಲಾಸಿಪಾಳ್ಯದಿಂದ ನಾಲ್ಕೈದು ಜನರನ್ನು ಕಟ್ಟಿಕೊಂಡು ಮೆಟ್ಟಿಲು ಹತ್ತಿ ಬಂದ. ಕೈಯಲ್ಲಿ ನಮ್ಮ ಪತ್ರಿಕೆ. ನಾನು ಮೇಜಿನ ಹಿಂದಕ್ಕೆ ಸರಿದೆ. ಸಂಪಾದಕರು ಮಾತ್ರ ಕುರ್ಚಿ ಎಳೆದು ಕೊಟ್ಟು, ಆಸೆಯಿಂದ ಕೇಳಿದರು: "ಓದಿದ್ರಾ?"

"ಪೂರ್ತಿ ಓದಿದ್ವಿ ಸಾರ್. ಆ ಇನ್ನೊಬ್ಬ ಹೀರೋಗೆ ಹನ್ನೆರಡು ಪುಟ ಉಗ್ದಿದೀರ. ನಮ್ಮಣ್ಣಂಗೆ ನಾಲ್ಕೇ ಪುಟ. ನಮ್ಮಣ್ಣ ಏನು ಅವನಿಗಿಂತ ಕಮ್ಮಿನಾ?"

ಸಂಪಾದಕರ ಮುಖ ಅರಳಿತು. ಪತ್ರಿಕೆ ಮುಚ್ಚುವ ಮಾತು ಅಲ್ಲಿಗೇ ಮುಗಿಯಿತು. "ತಪ್ಪಾಯ್ತು. ಮುಂದಿನ ಸಂಚಿಕೆ ಪೂರ್ತಿ ನಿಮ್ಮಣ್ಣಂಗೇ ಉಗಿಯೋಣ" ಎಂದು ಮಾತು ಕೊಟ್ಟರು.

ಅಧ್ಯಕ್ಷ ಸಮಾಧಾನವಾಗಿ ಎದ್ದ. ಬಾಗಿಲ ಬಳಿ ನಿಂತು ತಿರುಗಿದ.

"ಅದ್ದೂರಿಯಾಗಿ ಉಗೀಬೇಕು ಸಾರ್. ರಿಲೀಸ್ ಯಾವತ್ತು ಅಂತ ಹೇಳಿ, ಪಟಾಕಿ ನಮ್ದು."