ನೇತ್ರರಕ್ಷಣೆಯೂ ಮಾವನವರೂ

ಏನೇ ಆಗಲಿ, ಈ ಎರಡು ಕಣ್ಣುಗಳನ್ನು ಕಂಪ್ಯೂಟರಿನ ಬಾಯಿಂದ ಬಿಡಿಸಿಕೊಂಡೇ ತೀರುತ್ತೇನೆ ಎಂದು ಗುರುಬಸವರಾಜ್ ಒಂದು ಸೋಮವಾರ ಹೆಂಡತಿಯ ಎದುರು ಘೋಷಿಸಿದ. ಚನ್ನಗಿರಿ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಅವನದೊಂದು ಡಿಟಿಪಿ ಅಂಗಡಿ. ಸುತ್ತಲಿನ ಊರುಗಳ ಲಗ್ನಪತ್ರಿಕೆ, ಹುಟ್ಟುಹಬ್ಬದ ಬ್ಯಾನರ್, ಅಂಗಡಿಯ ಬೋರ್ಡು ಎಲ್ಲ ಅವನ ಕಂಪ್ಯೂಟರಿನಲ್ಲೇ ಹುಟ್ಟಬೇಕು. ಈಚೆಗೆ ಸಂಜೆಯಾದರೆ ಕಣ್ಣು ಉರಿ, ಹಣೆ ಸಿಡಿತ. ಸಣ್ಣ ಅಕ್ಷರಗಳಂತೂ ಇರುವೆ ಸಾಲಿನ ಹಾಗೆ ಹರಿದಾಡುತ್ತಿದ್ದವು.

ಡಾಕ್ಟರಿಗೆ ತೋರಿಸಿ ಎಂದಳು ಸಂಧ್ಯಾರಾಣಿ. ಡಾಕ್ಟರು ಹೇಳುವುದೆಲ್ಲ ಮೊಬೈಲಿನಲ್ಲೇ ಸಿಗುವಾಗ ಸಾಲಿನಲ್ಲಿ ಯಾಕೆ ಕೂರಬೇಕು ಎಂಬುದು ಅವನ ವಾದ. ಕಣ್ಣಿಗೆ ವಿಶ್ರಾಂತಿ ಕೊಡುವುದು ಹೇಗೆಂದು ತಿಳಿಯಲು ಭಾನುವಾರ ಇಡೀ ಮಧ್ಯಾಹ್ನ ಕಣ್ಣು ಮಿಟುಕಿಸದೆ ವಿಡಿಯೋ ನೋಡಿದ್ದ.

ಸೋಮವಾರದಿಂದ ನೇತ್ರರಕ್ಷಣಾ ಪರ್ವ ಆರಂಭವಾಯಿತು. ಇಪ್ಪತ್ತು ನಿಮಿಷಕ್ಕೊಮ್ಮೆ ಕೆಲಸ ನಿಲ್ಲಿಸಿ ದೂರದ ನೀರಿನ ಟ್ಯಾಂಕನ್ನು ದಿಟ್ಟಿಸಿದ. ಮಾತಿನ ನಡುವೆ ರೆಪ್ಪೆ ಪಟಪಟ ಬಡಿದ. ಲಗ್ನಪತ್ರಿಕೆ ಮಾಡಿಸಲು ಬಂದಿದ್ದ ಹೇಮಾವತಿ ಟೀಚರ್ ಇದನ್ನು ಕಂಡು, ಪತ್ರಿಕೆಯ ಮಾತನ್ನು ಅರ್ಧಕ್ಕೇ ಬಿಟ್ಟು ಎದ್ದುಹೋದರು. ಎಲ್ಲಕ್ಕೂ ಮಿಗಿಲಾಗಿ ಅವನು ಮಾಡಿದ ಘನಕಾರ್ಯವೆಂದರೆ, ಕಣ್ಣಿಗೆ ತಂಪು ಎಂದು ಕಂಪ್ಯೂಟರಿನ ಪರದೆಯನ್ನು ಕಡು ಹಳದಿಗೆ ತಿರುಗಿಸಿಟ್ಟದ್ದು. ಪರದೆ ಈಗ ಅರಿಸಿನದ ನೀರಿನಲ್ಲಿ ಅದ್ದಿ ತೆಗೆದಂತಿತ್ತು. ಕಣ್ಣಿಗೆ ಸುಖವೆನಿಸಿತು.

ಆ ಸುಖದಲ್ಲೇ ಅವನು ಮಾವನ ಬ್ಯಾನರ್ ಮಾಡಿದ. ಮಾವ ಮರುಳಪ್ಪನವರು ನ್ಯಾಮತಿ ಹತ್ತಿರದ ಗೋವಿನಕೋವಿಯವರು. ಊರಿನ ಹಾಲಿನ ಸಂಘಕ್ಕೆ ಅವಿರೋಧವಾಗಿ ಅಧ್ಯಕ್ಷರಾಗಿದ್ದರು. ನ್ಯಾಮತಿಯ ಬಸ್ ನಿಲ್ದಾಣದ ಎದುರು ಅಳಿಯನ ಕಡೆಯಿಂದ ದೊಡ್ಡದೊಂದು ಅಭಿನಂದನೆಯ ಬ್ಯಾನರ್ ಏಳಬೇಕೆಂದು ಸಂಧ್ಯಾರಾಣಿಯ ಆಸೆ. ಹಳದಿ ಪರದೆಯಲ್ಲಿ ಮಾವನ ಮುಖ ಕಾಮಾಲೆ ಹಿಡಿದವರಂತೆ ಕಂಡಿತು. ಅದನ್ನು ಸರಿಪಡಿಸಲು ಗುರುಬಸವರಾಜ್ ಮುಖಕ್ಕೆ ಒಂದಿಷ್ಟು ನೀಲಿ ಬೆರೆಸಿದ. ಸಾಲಲಿಲ್ಲ, ಮತ್ತಷ್ಟು ಬೆರೆಸಿದ. ಹಿಂದಿನ ಕೇಸರಿ ಬಣ್ಣ ಕಣ್ಣು ಕುಕ್ಕಿತೆಂದು ತೆಗೆದು ಬಿಳಿ ಹಾಕಿದ. ಹೆಸರನ್ನು ದಪ್ಪ ಕಪ್ಪಕ್ಷರದಲ್ಲಿ ಬರೆದ. 'ಹಾರ್ದಿಕ ಅಭಿನಂದನೆಗಳು' ಎಂಬುದನ್ನು ತಿಳಿನೀಲಿಯಲ್ಲಿಟ್ಟ. ಹಳದಿ ಪರದೆಯಲ್ಲಿ ಅದು ಗಾಢ ಹಸಿರಾಗಿ ಎದ್ದು ಕಾಣುತ್ತಿತ್ತು. ಕೊನೆಗೆ ಗೌರವಕ್ಕಿರಲಿ ಎಂದು ಫೋಟೋದ ಸುತ್ತ ಒಂದು ಹೂವಿನ ಹಾರ ಇಳಿಬಿಟ್ಟು, ದಾವಣಗೆರೆಯ ಪ್ರಿಂಟರಿನವರಿಗೆ ಕಳಿಸಿ, ಕಣ್ಣಿನ ಮೇಲೆ ಒದ್ದೆ ಬಟ್ಟೆ ಹಾಕಿಕೊಂಡು ಮಲಗಿದ.

ಬ್ಯಾನರ್ ದಾವಣಗೆರೆಯಿಂದ ನೇರ ನ್ಯಾಮತಿಗೆ ಹೋಯಿತು. ಅಲ್ಲಿ ಕಟ್ಟಿದ ಮಾಲತೇಶ್ ಮರುದಿನ ಬೆಳಿಗ್ಗೆ ಫೋನು ಮಾಡಿ ಕೆಲಸ ಮುಗಿಯಿತೆಂದ. ಆಮೇಲೆ ದನಿ ತಗ್ಗಿಸಿ ಕೇಳಿದ:

"ಯಜಮಾನ್ರು ಯಾವಾಗ ಹೋದ್ರು ಸಾರ್?"

ಮಾವನವರು ಸಂಘದ ಸಭೆಗೆಂದು ದಾವಣಗೆರೆಗೆ ಹೋಗಿದ್ದರು. ಗುರುಬಸವರಾಜ್ ಅದನ್ನೇ ನೆನೆದು, "ನಿನ್ನೆ ಸಾಯಂಕಾಲ ಹೋದ್ರಪ್ಪ" ಎಂದ.

"ತ್ರಾಸು ಏನೂ ಆಗ್ಲಿಲ್ವಲ್ಲ?"

"ಏನಿಲ್ಲ, ಆರಾಮಾಗಿ ಹೋದ್ರು. ಕಿಟಕಿ ಪಕ್ಕದ್ದೇ ಸೀಟು ಸಿಕ್ತಂತೆ."

ಆ ಕಡೆಯಿಂದ ಮಾಲತೇಶ್ ಪುಣ್ಯವಂತರು ಎಂದು ಹೇಳಿ ಫೋನಿಟ್ಟ.

ಹತ್ತು ಗಂಟೆಯ ಹೊತ್ತಿಗೆ ಸಂಧ್ಯಾರಾಣಿಯ ಫೋನು ಬಾಯಿ ಮುಚ್ಚಲಿಲ್ಲ. ಜಗಳೂರಿನ ಚಿಕ್ಕಮ್ಮ ಹಲೋ ಎನ್ನುವ ಮೊದಲೇ ಅಳಲು ತೊಡಗಿದರು. ಹೊನ್ನಾಳಿಯ ಸೋದರತ್ತೆ, ಮಣ್ಣು ಎಷ್ಟು ಹೊತ್ತಿಗೆ ಎಂದು ಕೇಳಿದರು. ಅಪ್ಪ ಈಗಷ್ಟೇ ದಾವಣಗೆರೆಯಲ್ಲಿ ಬೆಣ್ಣೆದೋಸೆ ತಿಂದು ಬಸ್ಸು ಹತ್ತಿದೆನೆಂದು ಹೇಳಿದ್ದಾರೆ ಎಂದು ಅವಳೆಂದರೆ, ದುಃಖದಲ್ಲಿ ಏನೇನೋ ಮಾತಾಡುತ್ತಿದ್ದಾಳೆ ಪಾಪ ಎಂದು ಅವರ ಅಳು ಇನ್ನೂ ಜೋರಾಯಿತು. ಅಷ್ಟರಲ್ಲಿ ಯಾರೋ ಬ್ಯಾನರಿನ ಫೋಟೋ ಕಳಿಸಿದರು. ಸಂಧ್ಯಾರಾಣಿ ನೋಡಿದಳು. ಬಿಳಿ ಬಯಲು, ಕರಿ ಹೆಸರು, ಫೋಟೋಗೆ ಹಾರ, ನೀಲಿಗಟ್ಟಿದ ಮುಖ. ತಿಳಿನೀಲಿಯ ಅಭಿನಂದನೆ ಬಿಸಿಲಿನಲ್ಲಿ ಆವಿಯಾಗಿ ಹೋಗಿತ್ತು. ಅವಳು ಫೋನನ್ನು ಗಂಡನ ಮುಖಕ್ಕೆ ಹಿಡಿದಳು. ಅವನಿಗೆ ಅಷ್ಟು ಹತ್ತಿರದಿಂದ ಏನೂ ಕಾಣಲಿಲ್ಲ. ತೋಳು ನೀಡಿ ದೂರ ಹಿಡಿದು ನೋಡಿದವನು ಬೈಕಿನ ಕೀಲಿ ಎತ್ತಿಕೊಂಡ.

ಹೊನ್ನಾಳಿ ದಾಟಿ ನ್ಯಾಮತಿ ಮುಟ್ಟುವವರೆಗೂ ಹಿಂದೆ ಕೂತವಳು ಅಪ್ಪ ಬದುಕಿದ್ದಾರೆಂದು ಒಬ್ಬೊಬ್ಬರಿಗೇ ಫೋನಿನಲ್ಲಿ ಹೇಳುತ್ತಲೇ ಇದ್ದಳು. ಬೈಗುಳಕ್ಕಿಂತ ಅದೇ ಅವನನ್ನು ಹೆಚ್ಚು ಹೆದರಿಸಿತು.

ಬ್ಯಾನರಿನ ಕೆಳಗೆ ಜನ ಸೇರಿದ್ದರು. ಎಲ್ಲರಿಗಿಂತ ಮುಂದೆ, ಕೈಯಲ್ಲಿ ಗುಲಾಬಿ ಹಾರ ಹಿಡಿದು ಬೋರಣ್ಣ ನಿಂತಿದ್ದ. ಗೋವಿನಕೋವಿಯವನೇ, ಮರುಳಪ್ಪನವರ ಜೊತೆ ಆಡಿ ಬೆಳೆದವನು. ಯಾವುದೋ ಮದುವೆಯಲ್ಲಿ ಹೋಳಿಗೆ ಬಡಿಸುತ್ತಾ ಬಂದ ಮರುಳಪ್ಪನವರು ತನ್ನ ಎಲೆ ದಾಟಿ ಹೋದರೆಂದು ಮಾತು ಬಿಟ್ಟಿದ್ದ. ಅಂಥವನು ಇಂದು ಮೂಗೊರೆಸುತ್ತಾ, ಅವನಂಥ ಮನುಷ್ಯ ಇನ್ನು ಹುಟ್ಟುವುದಿಲ್ಲ, ತಪ್ಪೆಲ್ಲ ತನ್ನದೇ ಎಂದು ಸೇರಿದವರಿಗೆ ಹೇಳುತ್ತಿದ್ದ.

ಆಗಲೇ ದಾವಣಗೆರೆಯ ಬಸ್ಸು ಬಂದು ನಿಂತಿತು. ಹೆಗಲಿಗೆ ಚೀಲ ಹಾಕಿಕೊಂಡು ಮರುಳಪ್ಪನವರು ಇಳಿದರು. ಗುಂಪು ಎರಡಾಗಿ ಸೀಳಿಕೊಂಡಿತು. ಅವರು ತಲೆಯೆತ್ತಿ ತಮ್ಮ ನೀಲಿ ಮುಖವನ್ನು ನೋಡಿದರು, ತಲೆಯಿಳಿಸಿ ಬೋರಣ್ಣನನ್ನು ನೋಡಿದರು. ಗುರುಬಸವರಾಜನಿಗೆ ನೆಲ ಬಾಯಿ ಬಿಡಬಾರದೇ ಎನಿಸಿತು.

ಬೋರಣ್ಣನಿಗೆ ಮೊದಲು ಭಯ, ಆಮೇಲೆ ನಾಚಿಕೆ, ಕೊನೆಗೆ ವಿಪರೀತ ಸಿಟ್ಟು ಬಂತು.

"ಬೆಳಿಗ್ಗೆ ಹಾಲು ಕರೆಯೋದೂ ಬಿಟ್ಟು ಬಂದೀನಿ ನಾನು. ನೀನು ನೋಡಿದ್ರೆ ಇಲ್ಲೇ ಅದೀಯಲ್ಲೋ" ಎಂದ.

ಮರುಳಪ್ಪನವರು ಚೀಲವನ್ನು ಕೆಳಗಿಟ್ಟು, ನಿಧಾನವಾಗಿ ಕೊರಳು ಬಗ್ಗಿಸಿದರು.

"ತಂದೀಯಲ್ಲ, ಹಾಕು."

ಬೋರಣ್ಣ ಹಾರ ಹಾಕಿದ. ಜನ ಏನು ಮಾಡಬೇಕೆಂದು ತಿಳಿಯದೆ ಚಪ್ಪಾಳೆ ತಟ್ಟಿದರು. ಹಾರ ತೆಗೆಯದೆಯೇ ಮಾವನವರು ಗೆಳೆಯನ ಹೆಗಲ ಮೇಲೆ ಕೈಹಾಕಿಕೊಂಡು ಎದುರಿನ ಹೋಟೆಲಿಗೆ ನಡೆದರು. ಹೋಗುವಾಗ ಅಳಿಯನ ಕಡೆ ತಿರುಗಿ, ಬ್ಯಾನರ್ ಬಲು ಚೆನ್ನಾಗಿದೆ, ಸಂಜೆವರೆಗೆ ಇರಲಿ, ಇನ್ನೂ ಯಾರ್ಯಾರು ಬರುತ್ತಾರೋ ನೋಡೋಣ ಎಂದರು.

ಬುಧವಾರ ಸಂಧ್ಯಾರಾಣಿ ಗಂಡನ ಅಂಗಡಿಗೆ ತಾನೇ ಬೀಗ ಹಾಕಿ ಅವನನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ದಳು. ಡಾಕ್ಟರು ಅಕ್ಷರ ಓದಿಸಿ, ಗಾಜು ಬದಲಿಸಿ ನೋಡಿ, ವಯಸ್ಸು ಕೇಳಿದರು. ನಲವತ್ಮೂರು ಎಂದ. ಆಗಾಗ ಕಣ್ಣಿಗೆ ಬಿಡುವು ಕೊಡುವುದು ಒಳ್ಳೆಯದೇ, ಆದರೆ ನಿಮಗೆ ಬಂದಿರುವುದು ನಲವತ್ತು ದಾಟಿದವರಿಗೆಲ್ಲ ಬರುವ ಚಾಳೀಸು, ಕನ್ನಡಕ ಹಾಕಿಕೊಂಡರೆ ಮುಗಿಯಿತು ಎಂದು ಚೀಟಿ ಬರೆದರು. ಅವನು ಇಷ್ಟೇನಾ ಎಂಬಂತೆ ಹೆಂಡತಿಯ ಮುಖ ನೋಡಿದ.

ಸಂಧ್ಯಾರಾಣಿ ಚೀಟಿಯನ್ನು ಮಡಿಸಿ ಪರ್ಸಿನಲ್ಲಿಟ್ಟುಕೊಂಡಳು.

"ಒಂದು ಚಾಳೀಸು ಹಾಕ್ಕೊಳಾಕೆ ನಮ್ಮಪ್ಪನ್ನ ಸಾಯಿಸ್ಬೇಕಿತ್ತೇನ್ರೀ?"