ಹನ್ನೆರಡು ಬಿಡಿಭಾಗಗಳ ಕರೆಗಂಟೆ

ಮೂರನೇ ವಾರ್ಡಿನ ರೋಗಿಯೊಬ್ಬರು ಕರೆದ ಕೂಡಲೇ ನರ್ಸ್ ಬಂದ ಘಟನೆ ಕಳೆದ ಮಂಗಳವಾರ ಬೆಳಿಗ್ಗೆ ಹತ್ತು ಗಂಟೆ ಹತ್ತು ನಿಮಿಷಕ್ಕೆ ನಡೆಯಿತು. ಆಸ್ಪತ್ರೆಯ ಆಡಳಿತ ಇದನ್ನು ಗಂಭೀರವಾಗಿ ಪರಿಗಣಿಸಿತು.

ಸದರಿ ರೋಗಿ ಆಸ್ಪತ್ರೆಯ ಎಲೆಕ್ಟ್ರಿಷಿಯನ್‌ನ ಚಿಕ್ಕಮ್ಮ. ತಾಯಿಯಿಲ್ಲದ ಅವನನ್ನು ಸಾಕಿದವಳು. ಗಂಟಲಿನ ಆಪರೇಷನ್ ಆಗಿ ದನಿ ನಿಂತಿತ್ತು. ಎರಡು ದಿನ ಕೈ ಬೀಸಿದಳು, ಯಾರೂ ನೋಡಲಿಲ್ಲ. ಮೂರನೇ ದಿನ ಒಬ್ಬಳೇ ಶೌಚಾಲಯಕ್ಕೆ ಹೊರಟು ಜಾರಿ ಬಿದ್ದಳು. ಹಣೆಗೆ ಮೂರು ಹೊಲಿಗೆ.

ಹೊಲಿಗೆ ನೋಡಿದವನು ಊಟ ಬಿಟ್ಟು ತನ್ನ ಕೋಣೆಗೆ ಹೋಗಿ, ಕೆಟ್ಟ ಅಲಾರಂ ಗಡಿಯಾರದ ಬಜರ್ ಕಿತ್ತು, ಒಂದು ಸೆಲ್ಲು, ಒಂದು ಒತ್ತುಗುಂಡಿ ಸೇರಿಸಿ ಬೆಸುಗೆ ಹಾಕಿದ. ಕಾಲು ಗಂಟೆಯ ಕೆಲಸ. ಮಾರನೆಯ ಬೆಳಿಗ್ಗೆ ಚಿಕ್ಕಮ್ಮ ಗುಂಡಿ ಒತ್ತಿದಳು, ಅದು ಕುಂಯ್ ಎಂದಿತು, ನರ್ಸ್ ಬಂದಳು.

ಹನ್ನೊಂದು ಗಂಟೆಗೆ ಅಧೀಕ್ಷಕರ ಕೋಣೆಯಿಂದ ಕರೆ ಬಂತು.

"ಇದರಲ್ಲಿ ಎಷ್ಟು ಬಿಡಿಭಾಗ ಇದೆಯಪ್ಪ?"

"ಮೂರು ಸಾರ್."

"ಹನ್ನೆರಡಕ್ಕಿಂತ ಕಡಿಮೆ ಇದ್ರೆ ಅದು ಉಪಕರಣ ಅಲ್ಲ, ಆಟಿಕೆ. ನಿಯಮ ಹದಿನೇಳು. ವಾರ್ಡಲ್ಲಿ ಆಟಿಕೆ ಇಡೋ ಹಾಗಿಲ್ಲ."

"ಆದ್ರೆ ಕೆಲಸ ಮಾಡುತ್ತೆ ಸಾರ್."

"ಆಟಿಕೆನೂ ಕೆಲಸ ಮಾಡುತ್ತೆ. ಅದಕ್ಕೇ ಮಕ್ಕಳು ಇಷ್ಟಪಡೋದು."

ಉಳಿದ ಒಂಬತ್ತು ಬಿಡಿಭಾಗಗಳನ್ನು ಅಧೀಕ್ಷಕರ ಭಾವಮೈದುನನ ಅಂಗಡಿಯಿಂದಲೇ ತರಬೇಕೆಂದು ಆದೇಶವಾಯಿತು. ಬೇರೆ ಅಂಗಡಿಗಳ ಗುಣಮಟ್ಟ ಭಾವಮೈದುನನಿಗೆ ಸಮಾಧಾನ ತಂದಿರಲಿಲ್ಲ. ಎಲೆಕ್ಟ್ರಿಷಿಯನ್ ಗಂಟೆಯನ್ನು ಒಂದು ಪೆಟ್ಟಿಗೆಯಲ್ಲಿಟ್ಟು, ಅವನ್ನು ಯಾವುದಕ್ಕೂ ತಾಗದಂತೆ ಅದರ ಮೂಲೆಯಲ್ಲಿ ಅಂಟಿಸಿದ.

"ಇವು ಏನು ಮಾಡ್ತವೆ?" ಎಂದರು ಅಧೀಕ್ಷಕರು.

"ಏನೂ ಮಾಡಲ್ಲ ಸಾರ್."

"ಒಳ್ಳೇದಾಯ್ತು. ಮಾಡಿದ್ರೆ ಪರೀಕ್ಷೆ ಮಾಡಿಸಬೇಕಾಗ್ತಿತ್ತು."

ಸಂಜೆಯೊಳಗೆ ಸುತ್ತೋಲೆ ಹೊರಟಿತು: "ವಾರ್ಡು ನಿಶ್ಶಬ್ದ ವಲಯವಾಗಿರುವುದರಿಂದ ಕರೆಗಂಟೆಯು ಸದ್ದು ಮಾಡತಕ್ಕದ್ದಲ್ಲ. ಸದ್ದು ಮಾಡುವ ಭಾಗವನ್ನು ಕಳಚಿ, ಅದರ ಸ್ಥಾನದಲ್ಲಿ ಸದ್ದು ಮಾಡದ ಭಾಗವೊಂದನ್ನು ಅಳವಡಿಸತಕ್ಕದ್ದು."

ಎಲೆಕ್ಟ್ರಿಷಿಯನ್‌ಗೆ ಮೈಯೆಲ್ಲ ಉರಿಯಿತು. ಆದರೂ ಕಳಚಿದ; ಕೆಲಸ ಇನ್ನೂ ಕಾಯಂ ಆಗಿರಲಿಲ್ಲ.

ಗುರುವಾರ ಉದ್ಘಾಟನೆ. ಎಂಟು ಮಂಚಕ್ಕೂ ಒಂದೊಂದು ಪೆಟ್ಟಿಗೆ. ಚಿಕ್ಕಮ್ಮ ಗುಂಡಿ ಒತ್ತಿದಳು. ಸ್ವಲ್ಪವೂ ಸದ್ದಾಗಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು, ನರ್ಸ್ ಕೂಡ.

ಶುಕ್ರವಾರ ಚಿಕ್ಕಮ್ಮ ಹನ್ನೊಂದು ಸಲ ಒತ್ತಿ, ಕೊನೆಗೆ ಸ್ಟೀಲ್ ಲೋಟ ತೆಗೆದು ಮಂಚದ ಸರಳಿಗೆ ಬಡಿದಳು. ನರ್ಸ್ ಓಡಿ ಬಂದಳು. ಶನಿವಾರ ಇಡೀ ವಾರ್ಡೇ ಲೋಟ ಬಡಿಯಿತು.

ಎಲೆಕ್ಟ್ರಿಷಿಯನ್‌ಗೆ ಮತ್ತೆ ಕರೆ. ಈ ಸಲ ಅವನಿಗೆ ತಡೆಯಲಾಗಲಿಲ್ಲ.

"ಲೋಟದಲ್ಲಿ ಒಂದೇ ಭಾಗ ಸಾರ್. ಇನ್ನೂ ಹನ್ನೊಂದು ಸೇರಿಸಿಬಿಡ್ಲಾ?"

ಅಧೀಕ್ಷಕರು ಪೆನ್ನು ತೆಗೆದರು. "ಒಳ್ಳೆ ಸಲಹೆ. ಲಿಖಿತವಾಗಿ ಕೊಡು."

"ತಮಾಷೆಗೆ ಅಂದೆ ಸಾರ್. ಲೋಟ ಸದ್ದು ಬೇರೆ ಮಾಡುತ್ತೆ."

"ಸದ್ದು ಮಾಡೋದು ರೋಗಿ, ಲೋಟ ಅಲ್ಲ. ರೋಗಿ ಉಪಕರಣ ಅಲ್ಲವಲ್ಲ, ನಿಯಮ ಅನ್ವಯಿಸಲ್ಲ."

ಭಾವಮೈದುನನ ಅಂಗಡಿಯಿಂದ ಬೋಲ್ಟುಗಳು ಬಂದವು. ಎಲೆಕ್ಟ್ರಿಷಿಯನ್ ಎಂಟು ಲೋಟಗಳಿಗೂ ಹನ್ನೊಂದು ಹನ್ನೊಂದು ತೂತು ಕೊರೆದು ಬಿಗಿದ. ಚೆನ್ನಾಗಿಯೇ ಬಿಗಿದ, ಅರೆಬರೆ ಕೆಲಸ ಅವನಿಗೆ ಆಗದು. ಅವನ ಕೆಲಸ ಕಾಯಂ ಆಯಿತು.

ಮನೆಗೆ ಹೊರಡುವ ದಿನ ಚಿಕ್ಕಮ್ಮ ಲೋಟ ಬಡಿದಳು. ನರ್ಸ್ ತಕ್ಷಣ ಬಂದು, ಆಕೆ ಸನ್ನೆಯಲ್ಲಿ ಕೇಳಿದಷ್ಟು ನೀರನ್ನು ಆ ಲೋಟಕ್ಕೆ ಸುರಿದಳು. ನೀರು ಹನ್ನೊಂದು ಕಡೆಯಿಂದ ಸೋರಿ ಮೊಣಕೈವರೆಗೆ ಇಳಿಯಿತು. ಚಿಕ್ಕಮ್ಮ ಕೈ ಒರೆಸಿಕೊಂಡು, ಅಭಿಪ್ರಾಯದ ನಮೂನೆಯಲ್ಲಿ "ಕರೆದಾಗ ಸಿಬ್ಬಂದಿ ಬಂದರೇ?" ಎಂಬುದರ ಮುಂದೆ "ಹೌದು" ಎಂದು ಬರೆದಳು. ನೀರಿನ ಬಗ್ಗೆ ಅದರಲ್ಲಿ ಪ್ರಶ್ನೆ ಇರಲಿಲ್ಲ.