ದೊಡ್ಡಮಾವ ಬರೆದ ಹಕ್ಕುಪತ್ರ

ನಮ್ಮ ದೊಡ್ಡಮಾವ ದೇವರನ್ನು ಬಸ್ಸು ಹತ್ತಿ ಹುಡುಕಿದವರು. ನಗಬೇಡಿ! ಐವತ್ತರ ದಶಕದ ಕೊನೆಯಲ್ಲಿ ಪುತ್ತೂರಿನ ಮಿಶನ್ ಶಾಲೆಯೊಂದರಲ್ಲಿ ಮೇಷ್ಟರಾಗಿದ್ದ ಅವರು, ಪ್ರತಿ ಶನಿವಾರ ಯಾವುದೋ ಬಸ್ಸು ಹತ್ತಿ, ಮನಸ್ಸು ಬಂದಲ್ಲಿ ಇಳಿದು, ಕಲ್ಲಿನ ಮೇಲೆ ಕೂತು ಆ ಜಾಗದ ಬಗ್ಗೆ ಬರೆಯುತ್ತಿದ್ದರು. ಅದೇ ಅವರ ಪ್ರಾರ್ಥನೆಯಂತೆ! "ಅವನು ಇಷ್ಟೆಲ್ಲ ಮಾಡಿಟ್ಟಿದ್ದಾನೆ, ನೀವು ಕಣ್ಣು ಮುಚ್ಚಿ ಕೂರುದು ಎಂತಕ್ಕೆ ಮಾರಾಯ್ರೆ?" ಎಂದು ನಮ್ಮನ್ನೇ ಗದರುತ್ತಿದ್ದರು.

ಸುಳ್ಯದಲ್ಲಿ ಯೇಸು ಬಸ್ಸಿಳಿದರೆ ಮೊದಲು ಯಾರ ಜಗಲಿಯಲ್ಲಿ ಕೂರುತ್ತಿದ್ದ ಎಂದು ಎರಡು ಪುಟ ಬರೆದರು. ಕಡಬದ ಹೊಳೆಯ ಬಗ್ಗೆ ಬರೆದದ್ದನ್ನು ಸಭೆಯಲ್ಲಿ ಓದಲು ಎದ್ದಾಗ ಪಾದ್ರಿಗಳು ತಡೆದರು.

"ಬೈಬಲಿನಲ್ಲಿ ಕಡಬ ಎಲ್ಲಿ ಉಂಟು ಮೇಷ್ಟ್ರೇ?"

"ಕಡಬದಲ್ಲಿ ಬೈಬಲ್ ಉಂಟಲ್ಲ ಅಯ್ಯನವರೇ!"

ಆದರೂ ಓದಲು ಬಿಡಲಿಲ್ಲ.

ಬಿಳಿ ಅಂಗಿಯವನೊಬ್ಬ ಬೇಲಿ ಪಕ್ಕ ಕೂತು, ಸುತ್ತ ನೋಡಿ ನೋಡಿ ಬರೆದರೆ ನಮ್ಮ ಜನ ಏನೆಂದುಕೊಂಡಾರು? ಸರ್ವೆಯವನೆಂದೇ! ಅಜ್ಜಾವರದಲ್ಲಿ ಒಬ್ಬರು ಎಳನೀರಿನ ಬೊಂಡ ಕೆತ್ತಿ ಕೊಟ್ಟು, "ಬೇಲಿ ಸ್ವಲ್ಪ ಆಚೆ ಹೋದದ್ದು ಉಂಟು, ದನ ದೂಡಿದ್ದು" ಎಂದು ತಾವಾಗಿ ಒಪ್ಪಿಕೊಂಡರು. ಮಾವ ಅದನ್ನೂ ಪಾಪದ ಅರಿಕೆಯೆಂದು ಬರೆದುಕೊಂಡರು.

ಎಡವಟ್ಟಾದದ್ದು ನೆಲ್ಯಾಡಿಯಲ್ಲಿ. ಕೇರಳದಿಂದ ಬಂದು ನೆಲೆಸಿದ್ದ ವಿಧವೆಯೊಬ್ಬರ ಗುಡಿಸಲಿನ ಎದುರು ಮಾವ ಬರೆಯುತ್ತಿದ್ದರು. ಆಕೆ ಕಪ್ಪು ಕಾಫಿ ಕೊಟ್ಟು, ತೀರಿಹೋದ ಗಂಡನ ಕಥೆಯೆಲ್ಲ ಹೇಳಿ, ಮಾವ ಅದನ್ನೂ ಬರೆದುಕೊಂಡ ಮೇಲೆ, "ಆ ಕಾಗದ ನನಗೆ ಕೊಡಿ ಸಾರ್" ಎಂದರು. ಜೀವಮಾನದಲ್ಲಿ ಮೊದಲ ಸಲ ಒಬ್ಬರು ಅವರ ಬರಹ ಕೇಳಿದ್ದು! ಮಾವ ಹಿಗ್ಗಿ ಹೀರೇಕಾಯಿಯಾಗಿ, ಸಹಿ ಬೇರೆ ಹಾಕಿ ಕೊಟ್ಟರು. ಓದು ಬಾರದ ಆಕೆ ಅದನ್ನು ಹಕ್ಕುಪತ್ರವೆಂದು ನಂಬಿ, ಬೇರೆ ಅರ್ಜಿ ಹಾಕದೆ ಪೆಟ್ಟಿಗೆಯಲ್ಲಿಟ್ಟರು. ಮರುವರ್ಷ ನಿಜವಾದ ಅಧಿಕಾರಿ ಬಂದು, ಜಾಗ ಸರ್ಕಾರದ್ದು, ಕಾಗದ ಇಲ್ಲದವರು ಏಳಬೇಕು ಎಂದಾಗ ಧೈರ್ಯವಾಗಿ ಅದನ್ನೇ ಚಾಚಿದರು. ಆತ ಗಟ್ಟಿಯಾಗಿ ಓದಿ, ಬಿದ್ದು ಬಿದ್ದು ನಕ್ಕು, ಮೂರು ತಿಂಗಳ ಗಡುವು ಕೊಟ್ಟು ಹೋದ.

ಸುದ್ದಿ ಕೇಳಿದ ಮಾವನಿಗೆ ಅನ್ನ ಇಳಿಯಲಿಲ್ಲ. "ನನ್ನ ಧ್ಯಾನದಿಂದ ಒಬ್ಬರ ಮನೆ ಹೋಗುದಾ?" ಆಫೀಸರೆಂದರೆ ಬೆವರುವ ಮನುಷ್ಯ, ರಜೆಯೆಲ್ಲ ಪುತ್ತೂರಿನ ತಾಲೂಕು ಕಚೇರಿಯ ಬೆಂಚಿನಲ್ಲಿ ಕಳೆದರು. ಮೊದಲ ಅರ್ಜಿಯಲ್ಲೇ ಎರಡು ಹಕ್ಕಿ, ಒಂದು ಸೂರ್ಯಾಸ್ತ! ಗುಮಾಸ್ತರು ನಗುತ್ತಾ ಅವನ್ನು ಹೊಡೆದುಹಾಕಿಸಿದರು. ಅಂತೂ ಗಡುವಿಗೆ ನಾಲ್ಕು ದಿನ ಇರುವಾಗ ಮೊಹರು ಬಿದ್ದ ಹಕ್ಕುಪತ್ರ ಕೈಗೆ ಬಂತು.

ಕೊಡಲು ಹೊರಟಾಗ, ತವರಿಗೆ ಬಂದಿದ್ದ ನಾನೂ ಜೊತೆಗೆ ಹೋದೆ. "ಓದಿ ಸಾರ್" ಎಂದರು ಆಕೆ. ಮಾವ ಓದಿದರು: ಸರ್ವೆ ನಂಬರು, ವಿಸ್ತೀರ್ಣ, ನಾಲ್ಕು ಗಡಿ. ಆಕೆ ಇನ್ನೂ ಕಾಯುತ್ತಿದ್ದರು.

"ನಮ್ಮವರು ನೆಟ್ಟ ಹಲಸು ಎಲ್ಲಿ ಉಂಟು ಇದರಲ್ಲಿ?"

"ಅದೆಲ್ಲ ಬರೆಯುದಿಲ್ಲಮ್ಮ."

"ಜ್ವರದಲ್ಲೂ ಅವರು ಅದಕ್ಕೆ ನೀರು ಹೊತ್ತದ್ದು?"

"ಅದೂ ಇಲ್ಲ."

ಆಕೆ ಪೆಟ್ಟಿಗೆಯಿಂದ ಮಾವನ ಹಳೆಯ ಹಾಳೆ ತೆಗೆದರು. "ಆ ಆಫೀಸರು ಓದುವಾಗ ಒಂದೇ ಸಲ ಕೇಳಿದ್ದು. ಅವರು ನಗಾಡಿದರು, ನನಗೆ ನಮ್ಮವರನ್ನು ಕಂಡ ಹಾಗೆ ಆಯ್ತು. ಇನ್ನೊಮ್ಮೆ ಓದಿ ಸಾರ್."

ಮಾವ ಶುರುಮಾಡಿದರು. ಎರಡನೇ ಸಾಲಿಗೇ ನಿಲ್ಲಿಸಿ ಹಾಳೆಯನ್ನು ನನ್ನ ಕಡೆ ಚಾಚಿದರು. ಉಳಿದದ್ದನ್ನು ನಾನು ಓದಿದೆ. ಮಾವನ ಬರಹವೆಂದರೆ ನಕ್ಕವರಲ್ಲಿ ನಾನೇ ಮೊದಲಿಗಳು. ಅವರ ಒಂದು ಪುಟವನ್ನು ಕೊನೆಯವರೆಗೆ ಓದಿದ್ದು ಅವತ್ತೇ.